ತಂಬಿಗೆಯ ನೆಗ್ಗು

ನೆಗ್ಗು ತೆಗೆಸಲು ನೂರೈವತ್ತು ರೂಪಾಯಿ, ಉಜ್ಜಲು ಒಂದು ಹಿಡಿ ಹುಣಸೆಹಣ್ಣು; ಅಫಜಲಪುರದ ಬಸ್ಸು ಹೆಂಗಸರಿಗೆ ಪುಕ್ಕಟೆ. ಇಷ್ಟು ಲೆಕ್ಕ ಒಪ್ಪಿಸಿ ದ್ರೌಪದಿ ಹಳೆಯ ಹಿತ್ತಾಳೆ ತಂಬಿಗೆಯನ್ನು ಚಿತ್ರಕಾರ ಮಗನ ಮುಂದಿಟ್ಟಳು.

ದಿಲೀಪನ ಕುಂಚ ನಿಂತಿತು. ಚಿಕ್ಕವನಿದ್ದಾಗ ಸಿಟ್ಟಿನಿಂದ ತಂಬಿಗೆ ಎಸೆದು ತಾನೇ ಮಾಡಿದ್ದ ಆ ನೆಗ್ಗನ್ನು ಬರೆಯಲೆಂದೇ ಅವನು ಅತನೂರಿಗೆ ಬಂದಿದ್ದ.

“ಯವ್ವಾ, ನೆಗ್ಗು ಯಾಕ ತೆಗಿಸಿದಿ ಬೇ?”

“ನಾಕ ಮಂದಿ ನೋಡೋ ಚಿತ್ರ ಅಂದಿ. ಸೊಟ್ಟ ತಂಬಗಿ ಬರದ್ರ ಮನಿ ಮರ್ಯಾದಿ ಏನಾಗಬೇಕಲೇ?” ಎನ್ನುತ್ತ ಅವಳು ಬಾಗಿ ಸೆರಗಿನಿಂದ ಇನ್ನೊಮ್ಮೆ ಒರೆಸಿದಳು. ಹೊಳೆಯುವ ತಂಬಿಗೆಯ ಹೊಟ್ಟೆಯಲ್ಲಿ ಅವಳ ಮುಖ ಮೂಡಿತು, ಮೂಗು ಬದನೆಕಾಯಿಯಷ್ಟಾಗಿತ್ತು.

“ಹಂಗ ಇರು, ಅಲುಗಾಡಬ್ಯಾಡ,” ಎಂದು ದಿಲೀಪ ಕುಂಚವನ್ನು ಬಣ್ಣದಲ್ಲಿ ಅದ್ದಿದ.

ನೆಗ್ಗು ಹೋಯಿತು. ಚಿತ್ರದೊಳಗೆ ಅವ್ವ ಬಂದಳು.