ಬೆಕ್ಕಿನ ವಾಕ್ಯ

“ಅಪ್ಪಾ, ಇದು ಮೈದಾ ಅಲ್ಲ.”

ಮಗಳು ಬೇಕರಿಯವರ ಭುಜದಿಂದ ಬಿಳಿ ಎಳೆಯೊಂದನ್ನು ಹೆಕ್ಕಿ ದೀಪಕ್ಕೆ ಹಿಡಿದಳು.

“ಬೆಕ್ಕಿನ ಕೂದಲು. ದಿನಾ ಸಂಜೆ ಅಂಗಡಿ ಬಿಟ್ಟು ಎಲ್ಲಿಗೆ ಹೋಗ್ತಿದೀರಾ?”

“ಗಾಳಿಗೆ ಹಾರಿ ಬಂದಿರಬೇಕು ಕಣಮ್ಮ.”

“ಹಾರಿ ಬಂತಂತೆ! ಭಾನುವಾರ ಹುಡುಗನ ಮನೆಯವರು ಬರ್ತಾರೆ, ನೆನಪಿದೆ ತಾನೇ? ಅವರಮ್ಮನಿಗೆ ಬೆಕ್ಕಂದ್ರೆ ಆಗಲ್ಲ. ಒಂದು ಕೂದಲು ಸಾಕು, ಸೀನಿ ಸೀನಿ ಸುಸ್ತಾಗ್ತಾರೆ.”

ಬೇಕರಿಯವರು ಇನ್ನೊಂದು ಭುಜವನ್ನೂ ಕೊಡವಿಕೊಂಡರು. ಮಗಳು ಮೆಚ್ಚಿದ ಹುಡುಗ ಒಳ್ಳೆಯವನೇ. ಇವರಿಗೆ ಭಯವೆಲ್ಲ ಅವನ ತಾಯಿಯದು. ಮೊನ್ನೆ ಫೋನಿನಲ್ಲಿ ಆಕೆ ಇಂಗ್ಲಿಷಿನಲ್ಲಿ ಪಟಪಟನೆ ಒಂದು ಮಾತಾಡಿ, ಇವರು ಬಾಯಿ ತೆರೆಯುವ ಮೊದಲೇ ಇಟ್ಟುಬಿಟ್ಟಿದ್ದರು. ಇವರ ಪಾಲಿನ ಇಂಗ್ಲಿಷೆಲ್ಲ ಅಂಗಡಿಯ ಬೋರ್ಡಿನ ಮೇಲಿತ್ತು. ಅದೂ ಪೇಂಟರ್ ತನ್ನ ಶೋಕಿಗೆ ಬರೆದದ್ದು. ಅಪ್ಪ ಪೆದ್ದುಪೆದ್ದಾಗಿ ನಿಂತರೆ ಮಗಳನ್ನು ಆ ಮನೆಯಲ್ಲಿ ಹಗುರವಾಗಿ ಕಂಡಾರು ಎಂಬ ಯೋಚನೆಗೇ ಅವರಿಗೆ ಊಟ ಸೇರುತ್ತಿರಲಿಲ್ಲ.

ಅದಕ್ಕೇ ಕದ್ದುಮುಚ್ಚಿ ಟೀಚರಮ್ಮನ ಮನೆಗೆ ಹೋಗುತ್ತಿದ್ದದ್ದು. ಟೀಚರಮ್ಮ ದೊಡ್ಡವರಿಗೆ ಮಾತ್ರ ಇಂಗ್ಲಿಷ್ ಕಲಿಸುವಾಕೆ; ದೊಡ್ಡವರ ನಾಚಿಕೆ ಬಲ್ಲವರು. ಒಬ್ಬರ ಮುಖ ಇನ್ನೊಬ್ಬರು ನೋಡುವಂತಿಲ್ಲ. ಮುಂದಿನವರು ಬಂದು ಮುಂಬಾಗಿಲ ಬೆಲ್ ಒತ್ತಿದರೋ, ಬೇಕರಿಯವರು ಅಡುಗೆಮನೆ ಹಾದು ಹಿಂಬಾಗಿಲಿಂದ ಪರಾರಿ.

“ಲುಕ್ ಫಾರ್ವರ್ಡ್ ಟು ಅಂದ್ರೆ?” ಟೀಚರಮ್ಮ ಕೇಳಿದ್ದರು.

“ಮುಂದೆ ನೋಡೋದು. ಡ್ರೈವರ್ ನೋಡ್ತಾನಲ್ಲ, ಹಾಗೆ.”

“ಅಯ್ಯೋ ದೇವರೇ! ನನ್ನ ಬೆಕ್ಕು ನೋಡಿ.”

ಬಿಳಿ ಬೆಕ್ಕು ಬೇಕರಿಯವರ ತೊಡೆಯೇರಿ, ಅಡುಗೆಮನೆಯ ಬಾಗಿಲಿನಿಂದ ಕಣ್ಣು ಕೀಳದೆ ಕುಳಿತಿತ್ತು.

“ಅದೇನೂ ಬಾಗಿಲು ನೋಡ್ತಿಲ್ಲ. ಊಟ ಯಾವಾಗ ಬರುತ್ತೋ ಅಂತ ಆಸೆಯಿಂದ ಎದುರು ನೋಡ್ತಿದೆ. ಮೈ ಕ್ಯಾಟ್ ಲುಕ್ಸ್ ಫಾರ್ವರ್ಡ್ ಟು ಡಿನ್ನರ್. ಹೇಳಿ! ಬಾಯಿಗೆ ಕೂತ್ಮೇಲೆ ಬೆಕ್ಕು ತೆಗೆದು ನಿಮ್ಮನ್ನ ಹಾಕ್ಕೊಳ್ಳಿ, ಊಟ ತೆಗೆದು ಮದುವೆ ಹಾಕ್ಕೊಳ್ಳಿ.”

ಯಾರು ಬರಲಿ, ಏನೇ ಪಾಠವಿರಲಿ, ಟೀಚರಮ್ಮನ ಮನೆಯಲ್ಲಿ ಮೊದಲ ವಾಕ್ಯ ಬೆಕ್ಕಿನದೇ. ಬೇಕರಿಯವರು ಹಿಟ್ಟು ನಾದುತ್ತ ಅದನ್ನೇ ಜಪಿಸಿದರು. ಊಟ ಹೋಯಿತು, ಮದುವೆ ಬಂತು. ಆದರೆ ಹಾಳಾದ ಬೆಕ್ಕು ಮಾತ್ರ ವಾಕ್ಯದಿಂದ ಇಳಿಯಲೊಲ್ಲದು.

ಭಾನುವಾರ ಬಂದೇಬಿಟ್ಟಿತು. ಬೇಕರಿಯವರು ಹೊಚ್ಚಹೊಸ ಅಂಗಿ ತೊಟ್ಟರು. ಮಗಳು ಅದನ್ನೂ ಬಿಡದೆ ಕೊಡವಿದಳು.

ಹುಡುಗನ ಜೊತೆ ಅವನ ತಾಯಿ ಕಪ್ಪು ಕೋಟು ತೊಟ್ಟು ಠೀವಿಯಿಂದ ಬಂದರು. ಹೊಸಿಲು ದಾಟಿದವರೇ, “ಆಕ್ಷೀ!” ಕುರ್ಚಿಯಲ್ಲಿ ಕುಳಿತು ಮತ್ತೊಂದು.

ಮಗಳು ಅಪ್ಪನನ್ನು ದುರುಗುಟ್ಟಿ ನೋಡಿದಳು. ಕೆಟ್ಟೆನಲ್ಲಪ್ಪಾ, ಎಂದುಕೊಂಡರು ಬೇಕರಿಯವರು. ಹೊಸ ಅಂಗಿಗೆ ಕೂದಲು ಎಲ್ಲಿಂದ ಬಂತು? ಇನ್ನು ತಡಮಾಡಿದರೆ ಮಾನ ಹೋಗುತ್ತದೆಂದು ಗಂಟಲು ಸರಿಮಾಡಿಕೊಂಡರು.

ಆಕೆ ಇವರಿಗಿಂತ ಚುರುಕು. ಥಟ್ಟನೆ ಎದ್ದು ನಿಂತು, ಕಣ್ಣು ಮುಚ್ಚಿ, ಒಂದೇ ಉಸಿರಿಗೆ ಹೇಳಿದರು:

“ಮೈ ಕ್ಯಾಟ್ ಲುಕ್ಸ್ ಫಾರ್ವರ್ಡ್ ಟು ದಿಸ್ ಮ್ಯಾರೇಜ್!”

ಜೀವನದಲ್ಲಿ ಮೊದಲ ಬಾರಿಗೆ ಬೇಕರಿಯವರಿಗೆ ಬೇರೆಯವರಾಡಿದ ಇಂಗ್ಲಿಷ್ ಪೂರ್ತಿ ಅರ್ಥವಾಯಿತು.

“ಅಮ್ಮಾ,” ಹುಡುಗ ತಡವರಿಸಿದ, “ನಮ್ಮನೇಲಿ ಬೆಕ್ಕೆಲ್ಲಿದೆ?”

ಆಕೆಯ ಮುಖ ಕೆಂಪೇರಿತು. ಠೀವಿಯೆಲ್ಲ ಇಳಿದುಹೋಯಿತು. “ಏನ್ಮಾಡ್ಲೋ? ಇವರ ಅಂಗಡಿ ಬೋರ್ಡ್ ನೋಡಿ ಹೆದರಿಬಿಟ್ಟೆ. ಇಂಗ್ಲಿಷ್ ಬರದವಳ ಮಗ ಅಂತ ಬೇಡ ಅಂದುಬಿಟ್ರೆ?”

ಬೇಕರಿಯವರು ಮೆಲ್ಲಗೆ ಬಗ್ಗಿ, ಆಕೆಯ ಕಪ್ಪು ತೋಳಿನಿಂದ ಬಿಳಿ ಕೂದಲೊಂದನ್ನು ಹೆಕ್ಕಿದರು.

“ಬೀಗಿತ್ತಿಯವ್ರೇ, ನೀವು ಬೆಲ್ ಒತ್ತಿದಾಗೆಲ್ಲ ಹಿಂಬಾಗಿಲಿಂದ ಓಡ್ತಿದ್ದೋನು ನಾನೇ.”