ಬಲೂನಿನ ಆರೈಕೆ

ಈ ಆಸ್ಪತ್ರೆಯವರು ಸುಳ್ಳು ವರದಿ ಕೊಟ್ಟಿದ್ದಾರೆ ಎಂದುಕೊಂಡೇ ಲೇಪಣ್ಣ ಒಳಗೆ ನುಗ್ಗಿದ.

ಕಟ್ಟಿಕೊಂಡ ರಕ್ತನಾಳದೊಳಗೆ ಹೋಗಿ, ಉಬ್ಬಿ, ಒಂದೇ ನಿಮಿಷದಲ್ಲಿ ನಾಳದ ಗೋಡೆಗೆ ಔಷಧಿ ಮೆತ್ತಿ ಬರುವ ಪುಟ್ಟ ಬಲೂನು ಅವನ ಕಾರ್ಖಾನೆಯದು. ಅದರ ಮೈಗೆ ಆ ಬಿಳಿ ಔಷಧಿ ಲೇಪಿಸುವ ವಿಧಾನ ಅವನದು. ಏಳು ವರ್ಷದ ದುಡಿಮೆ. ಲೇಪಣ್ಣ ಎಂಬ ಹೆಸರು ಹಾಗೆ ಅಂಟಿತ್ತು. ಆರು ಆಸ್ಪತ್ರೆಗಳಲ್ಲಿ ಪರೀಕ್ಷೆ ನಡೆದಿತ್ತು. ಐದರಲ್ಲಿ ಅರ್ಧಕ್ಕರ್ಧ ನಾಳಗಳು ಮತ್ತೆ ಕಟ್ಟಿಕೊಂಡವು. ಇಲ್ಲಿ ಮಾತ್ರ ನಲವತ್ತಕ್ಕೆ ನಲವತ್ತೂ ತೆರೆದೇ ಇದ್ದವು.

“ಹೆತ್ತವರಿಗೆ ಹೆಗ್ಗಣ ಮುದ್ದು ಕಣಯ್ಯ,” ಎಂದಿದ್ದರು ಯಜಮಾನರು. “ಅಲ್ಲಿ ಹೇಗೆ ಗೆದ್ವಿ ಅಂತ ತಿಳ್ಕೊಂಡು ಬಾ. ಇಲ್ಲಾಂದ್ರೆ ನಿನ್ನ ಲೇಪದ ಕೋಣೆಗೆ ಬೀಗ.”

ವರದಿ ಸುಳ್ಳಾಗಿರಲಿಲ್ಲ. ರೋಗಿಗಳ ಚಿತ್ರಗಳನ್ನು ಒಂದೊಂದಾಗಿ ನೋಡಿದ. ನಾಳಗಳು ಹೊಸ ಕೊಳವೆಗಳಂತಿದ್ದವು.

“ನನ್ನ ಕೈಚಳಕ ಏನೂ ಇಲ್ಲಪ್ಪ,” ಎಂದರು ಡಾಕ್ಟರು. “ನೀವು ಬರೆದುಕೊಟ್ಟ ಹಾಗೇ ಮಾಡಿದ್ದು. ನರ್ಸಕ್ಕನ್ನ ಕೇಳಿ. ಬಲೂನು ಸಜ್ಜು ಮಾಡಿ ಕೈಗೆ ಕೊಡೋದು ಅವರೇ.”

ನರ್ಸಕ್ಕ ಅವನನ್ನು ಬಾಗಿಲಲ್ಲೇ ತಡೆದಳು. “ಗಾಜಿನಾಚೆ ನಿಲ್ಲಿ. ಎಲ್ಲೆಲ್ಲಿ ತುಳಿದು ಬಂದಿದ್ದೀರೋ ಏನೋ!”

ಗಾಜಿನಾಚೆಯಿಂದ ಅವಳ ಬೆನ್ನಷ್ಟೇ ಕಂಡಿತು. ಕೆಲಸ ಮುಗಿಸಿ ಹೊರಬಂದು ಹೇಳಿದಳು: “ಬೇರೆಯವರ ಬಲೂನು ಹಾಗೇ ಕೊಟ್ಟುಬಿಡ್ತೀನಿ. ನಿಮ್ಮದಕ್ಕೆ ಮಾತ್ರ ಆರೈಕೆ ಜಾಸ್ತಿ ಬೇಕಪ್ಪ.”

ಲೇಪಣ್ಣನ ಎದೆ ಉಬ್ಬಿತು. ಅವನ ಕೆಲಸದ ಬೆಲೆ ಗೊತ್ತಿರುವ ಒಂದು ಜೀವ ಕೊನೆಗೂ ಸಿಕ್ಕಿತ್ತು. ಉಳಿದ ಐದು ಕಡೆ ಒರಟು ಕೈಗಳು ಲೇಪವನ್ನು ಉದುರಿಸಿರಬೇಕು. ಅಲ್ಲಿಂದಲೇ ಯಜಮಾನರಿಗೆ ಫೋನು ಮಾಡಿದ.

“ದೋಷ ಲೇಪದ್ದಲ್ಲ ಸಾರ್, ಕೈಯದ್ದು. ಈ ಅಕ್ಕ ಎಲ್ಲರಿಗೂ ಕಲಿಸಿಕೊಟ್ರೆ ಗೆದ್ದ ಹಾಗೇ.”

ಮುಂದಿನ ವಾರ ಐದೂ ಆಸ್ಪತ್ರೆಗಳ ನರ್ಸುಗಳು ಪುಸ್ತಕ, ಪೆನ್ನು ಹಿಡಿದು ಕಾರ್ಖಾನೆಯ ಸಭಾಂಗಣದಲ್ಲಿ ಕೂತರು. ಮೊದಲ ಸಾಲಿನಲ್ಲಿ ಯಜಮಾನರು.

“ನನ್ನ ಏಳು ವರ್ಷದ ದುಡಿಮೆ ಇದು. ನೀವು ಮಾಡೋ ಹಾಗೇ ತೋರಿಸಿ ಅಕ್ಕಾ, ಒಂದೂ ಬಿಡಬೇಡಿ,” ಎಂದ ಲೇಪಣ್ಣ.

ನರ್ಸಕ್ಕ ಬಲೂನನ್ನು ಬೆಳಕಿಗೆ ಹಿಡಿದು ಲೊಚಗುಟ್ಟಿದಳು. ಒದ್ದೆ ಬಟ್ಟೆ ತೆಗೆದುಕೊಂಡು ಮೇಲಿಂದ ಕೆಳಕ್ಕೆ ಮೂರು ಸಲ, ಫಳಫಳ ಹೊಳೆಯುವಷ್ಟು ಉಜ್ಜಿ ಒರೆಸಿದಳು.

“ಬರ್ಕೊಳ್ಳಿ. ಮೊದಲು ಈ ಬಿಳಿ ಪುಡಿ ಪೂರ್ತಿ ಹೋಗಬೇಕು. ಏಳು ವರ್ಷ ಆದ್ರೂ ಈ ಕಾರ್ಖಾನೆಯವರಿಗೆ ಒಂದು ಬಲೂನು ತೊಳೆದು ಕಳಿಸೋಕೆ ಬರಲ್ಲ ನೋಡಿ!”