ತೊಟ್ಟಿಲ ಹಾಡಿನ ಒಡೆಯ

ರಿಸೀವರಿನ ದೊಡ್ಡ ಸ್ಪೀಕರುಗಳಿಂದ ಮೊದಲು ಹೊರಟದ್ದು ಹಾಡಲ್ಲ, ಹಲ್ಲುಪುಡಿಯ ಜಾಹೀರಾತು.

“ನಮ್ಮಕ್ಕನ ಹಾಡು ಕೇಳಬೇಕಂದ್ರ ಮೊದಲ ಇವರ ಪುಡಿಲೆ ಹಲ್ಲು ತಿಕ್ಕೋಬೇಕೇನು?” ವಿಮಲಾಬಾಯಿ ಸಿಡುಕಿದರು.

“ತಡೀ ಸಣ್ಣಾಯಿ, ಈಗ ಬರ್ತದ,” ಎನ್ನುತ್ತ ಮಲ್ಲಿಕಾ ಕಂಪ್ಯೂಟರಿನಿಂದ ರಿಸೀವರಿಗೆ ಎಳೆದ ವೈರನ್ನು ಇನ್ನೊಮ್ಮೆ ಒತ್ತಿ ನೋಡಿದಳು. ಕಾಲೇಜಿನ ಕೆಲಸದಿಂದ ನಿವೃತ್ತರಾದಾಗ ವಿಮಲಾಬಾಯಿ ತಮಗಾಗಿ ಕೊಂಡ ಒಂದೇ ದುಬಾರಿ ಸಾಮಾನು, ಹಾಡು ಕೇಳುವ ಆ ರಿಸೀವರು. ಅಕ್ಕ ಮಾನಮ್ಮನ ಮೊಮ್ಮಗಳು ಮಲ್ಲಿಕಾ ಬಿ.ಎಸ್ಸಿ. ಓದಲು ಕಲಬುರಗಿಗೆ ಬಂದು ಅವರ ಮನೆಯಲ್ಲಿ ನಿಂತ ಮೇಲೆ, ಅಂತರ್ಜಾಲದ ಹಾಡುಗಳೆಲ್ಲ ಅದರೊಳಗಿಂದ ಕೇಳಿಸತೊಡಗಿದ್ದವು.

ಇವತ್ತಿನದು ಮಾತ್ರ ಸುಖಕ್ಕೆ ಕೇಳುವ ಹಾಡಾಗಿರಲಿಲ್ಲ. ಆಯಿ, ಅಂದರೆ ಅಜ್ಜಿ ಮಾನಮ್ಮ, ಹಾಡಿದ ತೊಟ್ಟಿಲ ಹಾಡನ್ನು ಮಲ್ಲಿಕಾ ಮೊಬೈಲಿನಲ್ಲಿ ಹಿಡಿದು ನೆಟ್ಟಿಗೆ ಹಾಕಿದ್ದಳು. ನಿನ್ನೆ ಅದನ್ನು ಕಿತ್ತುಹಾಕಿದ್ದರು. ‘ಈ ಹಾಡು ಬೇರೆಯವರ ಸ್ವತ್ತು. ನಿಮ್ಮದೆನ್ನುವುದಾದರೆ ಪುರಾವೆ ಕೊಡಿ’ ಎಂದು ಒಂದು ಸಂದೇಶ ಬಂದಿತ್ತು. ಆ ಬೇರೆಯವರ ಹಾಡನ್ನು ಮೊಬೈಲಿನಲ್ಲಿ ಹಾಕಿ ನೋಡಿದರೆ ಬರೀ ಧಡಧಡ ಬಡಿತ, ಮಾತು ತಿಳಿಯದು. ಅದಕ್ಕೇ ಮಾನಮ್ಮನನ್ನು ಕಮಲಾಪುರದಿಂದ ಬೆಳಗಿನ ಬಸ್ಸಿಗೆ ಕರೆಸಿದ್ದು. ಅವರು ಬಂದವರೇ ಚೀಲದಿಂದ ತಮ್ಮ ಹೊಲದ ಕೆಂಪು ಬಾಳೆಹಣ್ಣು ತೆಗೆದು ಟೀಪಾಯಿಯ ಮೇಲಿಟ್ಟು, ದೇವರ ಮುಂದೆ ಕೂತಂತೆ ಸ್ಪೀಕರಿನ ಎದುರು ನೆಲದ ಮೇಲೆ ಕೂತಿದ್ದರು. ಮಲ್ಲಿಕಾ ಸುಮ್ಮನೆ ಫ್ಯಾನನ್ನು ಅವರ ಕಡೆ ತಿರುಗಿಸಿದ್ದಳು.

ಹಾಡು ಬಂತು. ಯಾರೋ ಸಣ್ಣ ಪ್ರಾಯದ ಹುಡುಗಿಯ ದನಿ. ಪರದೆಯ ಮೇಲೆ ‘ರಚನೆ, ಸಂಗೀತ: ಸುನೀಲಕುಮಾರ’ ಎಂದಿತ್ತು.

“ಸುನೀಲಕುಮಾರ!” ವಿಮಲಾಬಾಯಿ ಎದ್ದೇಬಿಟ್ಟರು. “ಹಳ್ಳಿ ಹಾಡು ಉಳಸ್ತೀನಿ ಅಂತ ರೆಕಾರ್ಡ್ ಮಾಡೋ ಮಶೀನು ಹಿಡ್ಕೊಂಡು ನಿಮ್ಮನಿಗಿ ಬಂದಿದ್ನಲ್ಲ, ಅವನೇ ಹೌದಿಲ್ಲೋ ಅಕ್ಕಾ?”

“ಅವನೇ. ಛಲೋ ಹುಡುಗ. ಉಂಡ ತಾಟು ತಾನೇ ತೊಳ್ದಿಟ್ಟಿದ್ದ.”

“ತಾಟು ಇಟ್ಟು ಹಾಡು ಒಯ್ದಾನ!”

“ಒಯ್ಯಲಿ ಬಿಡ ವಿಮಲೀ. ಹಾಡಿದ್ರ ಸವೀತದೇನು? ಈ ಹುಡುಗೀನೂ ಪಾಪ, ಛಲೋ ಹಾಡ್ಯಾಳ. ದನ್ಯಾಗ ಅಂತಃಕರಣ ಅದ.”

ಅಕ್ಕನ ಈ ದೊಡ್ಡಗುಣವೇ ವಿಮಲಾಬಾಯಿಯ ಮೈ ಉರಿಸಿತು. ಅಂದು ಸುನೀಲಕುಮಾರನ ಬಸ್ಸು ಹೊರಟಾಗ ಕಿಟಕಿಯ ಹಿಂದೆ ಓಡಿಹೋಗಿ ಅವನ ಕೈಗೆ ಬಾಳೆಹಣ್ಣು ಕೊಟ್ಟು ಬಂದ ಹೆಂಗಸು ಇವಳು. ‘ಹಾಡು ಕಟ್ಟಿದವರು ಮಾನಮ್ಮ, ಕಮಲಾಪುರ’ ಎಂದು ಹಾಕಲು ಅವನಿಗೆ ಜಾಗ ಕಡಿಮೆ ಬಿದ್ದಿತ್ತೇ? ಹಾಕದಿದ್ದರೆ ಹಾಳಾಗಲಿ, ಕಟ್ಟಿದವಳನ್ನೇ ಕಳ್ಳಿ ಮಾಡಿ ಹೊರಗೆ ದಬ್ಬುವುದೆಂದರೇನು? ಅವರು ರಿಸೀವರಿನ ಗುಂಡಿ ಹಿಡಿದು ಬಡಿತವನ್ನು ತಗ್ಗಿಸಿದರು, ದನಿಯನ್ನು ಏರಿಸಿದರು. ಆಗ ಒಂದೊಂದು ಮಾತೂ ಬಿಡಿಬಿಡಿಯಾಗಿ ಕೋಣೆಗೆ ಬಂತು.

‘ದವಾಖಾನಿಯಿಂದ ಬರ್ತಾಳ ನಿಮ್ಮವ್ವ, ಅಳಬ್ಯಾಡ
ಕೆಂಬಾಳಿ ಹೊಲದಾಗ ಇದ್ದಾನ ಅಪ್ಪ, ಅಳಬ್ಯಾಡ
ಆಯಿ ತೂಗ್ತಾಳ, ಮಲಗವ್ವ ಮಲ್ಲಿಕಾ…’

ಮಲ್ಲಿಕಾಳ ಕೈ ಮೌಸಿನ ಮೇಲೆ ನಿಂತುಹೋಯಿತು. “ಸಣ್ಣಾಯಿ, ನನ್ನ ಹೆಸರೂ ಬಿಟ್ಟಿಲ್ಲಲ್ಲ!”

ಅವಳು ಕೈಗೂಸಾಗಿದ್ದಾಗ ತಾಯಿಗೆ ಕಾಮಾಲೆಯಾಗಿ ಕಲಬುರಗಿಯ ದವಾಖಾನೆ ಸೇರಿದ್ದಳು. ಬದುಕಿ ಬಂದದ್ದೇ ಹೆಚ್ಚು. ಆ ದಿನಗಳಲ್ಲಿ ಅಳುವ ಕೂಸನ್ನು ತೂಗುತ್ತ ಮಾನಮ್ಮ ಕಟ್ಟಿದ ಹಾಡು ಅದು. ತೊಟ್ಟಿಲಲ್ಲಿ ಯಾವ ಕೂಸಿದೆಯೋ ಅದರ ಹೆಸರೇ ಹಾಡಿನಲ್ಲಿ ಬರಬೇಕು. ಇನ್ನೊಬ್ಬರ ಮನೆಯಲ್ಲಿ ಹಾಡುವಾಗ ಹೆಂಗಸರು ಮೊದಲು ಹೆಸರು ಕೇಳಿಕೊಂಡೇ ದನಿ ಎತ್ತುತ್ತಾರೆ. ಸುನೀಲಕುಮಾರನಿಗೆ ಅಷ್ಟು ತಿಳಿದಿರಲಿಲ್ಲ. ಹೆಸರಿನ ಸಮೇತ ಎತ್ತಿಕೊಂಡು ಹೋಗಿದ್ದ.

ಮಾನಮ್ಮ ಮೊಣಕಾಲಿಗೆ ಕೈಯೂರಿ ಎದ್ದರು. ಅಲ್ಲಿಯವರೆಗೆ ಮುಖದಲ್ಲಿದ್ದ ನಗು ಹೋಗಿತ್ತು.

“ನನ್ನ ಹೆಸರು ತಗದ್ರ ತಗೀಲಿ, ನಾ ಏನೂ ಅನ್ನಲ್ಲ. ನಮ್ಮ ಕೂಸಿನ ಹೆಸರು ಹಿಡ್ದು ಕರೀತಾನ, ಮ್ಯಾಲ ಇದು ನಿಮ್ಮದಲ್ಲ ಅಂತ ನಮಗೇ ಹೇಳ್ತಾನ?” ಅವರು ಸ್ಪೀಕರಿನ ಕಡೆ ಕೈ ಚಾಚಿದರು. “ನಿಮ್ಮವ್ವ ಬರ್ತಾಳ ಅಂತ ಬಾಯಿಲೆ ಹಾಡ್ತಿದ್ದೆ. ಬರ್ತಾಳೋ ಇಲ್ಲೋ ಅಂತ ಒಳಗ ಜೀವ ಹೊಯ್ದಾಡ್ತಿತ್ತು. ಅದನ್ನೂ ಅವನೇ ಕಟ್ಟಿದ್ನಂತೇನು?”

ವಿಮಲಾಬಾಯಿ ಒಳಗೆ ಹೋಗಿ ನೀರು ತಂದು ಅಕ್ಕನ ಕೈಗೆ ಕೊಟ್ಟರು. ಮಲ್ಲಿಕಾ ಹಾಡು ನಿಲ್ಲಿಸಿ ಆ ಸಂದೇಶವನ್ನು ತೆರೆದಳು. ‘ಪುರಾವೆ’ ಎಂಬ ಮಾತಿನ ಕೆಳಗೆ ಖಾಲಿ ಜಾಗ, ಅದರಲ್ಲಿ ಮಿಣುಕುವ ಒಂದು ಗೆರೆ.

“ಆಯಿ, ಪುರಾವಿ ಏನದ ಅಂತ ಕೇಳಾಕತ್ತಾರ. ಏನ್ ಬರೀಲಿ?”

ಮಾನಮ್ಮ ಮೊಮ್ಮಗಳ ನೆತ್ತಿಯ ಮೇಲೆ ಕೈಯಿಟ್ಟರು.

“ಬರಿ. ಪುರಾವಿ ಅವತ್ತು ತೊಟ್ಟಿಲದಾಗ ಮಲಗಿತ್ತು. ಈಗ ಎದ್ದು ಕುಂತು ಕೇಳಾಕತ್ತದ, ಅನ್ನು.”